ಒಂದೇ ಸೋಪಿನ ಮನೆ

ಆ ದಿನ ಬೆಳಿಗ್ಗೆ ಆಕಾಶ ತಿಕ್ಕದ ಪಾತ್ರೆಯ ಹಾಗೆ ಮಂಕಾಗಿತ್ತು. ಮಳೆ ಬರುವ ಸೂಚನೆಯೂ ಇರಲಿಲ್ಲ, ಬಿಸಿಲು ಬೀಳುವ ಸೂಚನೆಯೂ ಇರಲಿಲ್ಲ. ಗಾಳಿ ಮಾತ್ರ ಬೀದಿಯ ಧೂಳನ್ನೆಲ್ಲ ಎತ್ತಿ ತಂದು, ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆಗಳಿಗೆ ಬಡಿಯುತ್ತಿತ್ತು. ಅತ್ತೆ ಬಟ್ಟೆಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಾ, ಇಂಥ ಹವೆ ಯಾರಿಗೆ ಬೇಕಿತ್ತು ಎಂದುಕೊಂಡಳು. ಬೇಕಾದವರು ಮನೆಯಲ್ಲೇ ಇದ್ದರು. ಅಣ್ಣನ ಮಗಳು ಗುಬ್ಬಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೋಡ ಚದುರಿಲ್ಲವೆಂದು ಖಾತ್ರಿ ಮಾಡಿಕೊಂಡು, ದೇವರು ದೊಡ್ಡವನು ಎಂದಳು. ಅವತ್ತು ಅವಳು ಮುಖಕ್ಕೆ ಸೂಜಿ ಹಾಕಿಸಿಕೊಳ್ಳುವ ದಿನ. ಸೂಜಿ ಬಿದ್ದ ಮುಖಕ್ಕೆ ಬಿಸಿಲು ತಾಗಬಾರದಂತೆ.

ಗುಬ್ಬಿ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಬಂದವರನ್ನು ಮಾತಾಡಿಸಿ, ಹೆಸರು ಬರೆದುಕೊಂಡು, ನೀರು ಕೊಟ್ಟು ಕೂರಿಸುವ ಮುಂದಿನ ಮೇಜಿನ ಕೆಲಸ. ಸೇರಿಸಿಕೊಂಡಾಗಲೇ ಮಾಲೀಕರು, ಮೊಡವೆಯ ಕಲೆ ತುಂಬಿದ ಹುಡುಗಿಯನ್ನು ಚರ್ಮದ ಕ್ಲಿನಿಕ್ಕಿನ ಬಾಗಿಲಲ್ಲಿ ಕೂರಿಸಿದರೆ ಜನ ಏನಂದುಕೊಳ್ಳುತ್ತಾರೆ ಎಂದಿದ್ದರು. ಈಗ ಅವರೇ ಒಂದು ಸಲ ಪುಕ್ಕಟೆಯಾಗಿ ಮೈಕ್ರೋನೀಡ್ಲಿಂಗ್ ಮಾಡಿಸುತ್ತೇವೆ ಎಂದಿದ್ದರು. ಮುಖ ತಿಳಿಯಾದರೆ ಕುರ್ಚಿ ಕಾಯಂ, ಆಗದಿದ್ದರೆ ಬೇರೆ ಹುಡುಗಿ. ಅವರು ಇದನ್ನು ನಗುನಗುತ್ತಲೇ ಹೇಳಿದ್ದರಂತೆ.

ಸಂಜೆ ಗುಬ್ಬಿ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ಬಂದಳು. ಬಿಚ್ಚಿದಾಗ ಮುಖವೆಲ್ಲ ಕೆಂಪಗೆ ಊದಿತ್ತು. ಅವಳಪ್ಪ ಗಾರೆ ಮೇಸ್ತ್ರಿ. ಆಗಷ್ಟೇ ಕೈಕಾಲಿನ ಸಿಮೆಂಟು ತೊಳೆದುಕೊಂಡು ಊಟಕ್ಕೆ ಕೂತಿದ್ದ.

"ಏನೇ ಇದು, ಬೇಯಿಸಿದ ಬೀಟ್ರೂಟ್ ಆಗಿದೀಯಲ್ಲ?"

ಗುಬ್ಬಿ ತಟ್ಟೆ ಮುಂದಿಟ್ಟುಕೊಂಡು ಎಲ್ಲವನ್ನೂ ವಿವರಿಸಿದಳು. ಮೊದಲು ಮುಖ ಜೋಮು ಹಿಡಿಸುವ ಕ್ರೀಮು ಹಚ್ಚುತ್ತಾರೆ. ಆಮೇಲೆ ಪೆನ್ನಿನಂಥ ಒಂದು ಮಿಷನ್ನು, ಅದರ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಸೂಜಿಗಳು. ಅದು ಗುಂಯ್ ಎನ್ನುತ್ತಾ ಚರ್ಮದ ತುಂಬ ಚುಚ್ಚುತ್ತಾ ಹೋಗುತ್ತದೆ. ಗಾಯವಾಯಿತಲ್ಲಾ ಎಂದು ದೇಹ ಗಾಬರಿಬಿದ್ದು, ತಾನೇ ಒಳಗಿಂದ ಹೊಸ ಚರ್ಮ ಕಟ್ಟಿಕೊಳ್ಳುತ್ತದೆ.

"ಇದೇನು ಹೊಸ ವಿದ್ಯೆ ಬಿಡು," ಎಂದ ಮೇಸ್ತ್ರಿ. "ಹಳೇ ಗೋಡೆಗೆ ಗಾರೆ ಹಿಡೀಬೇಕಾದ್ರೆ ನಾವೂ ಮೊದಲು ಉಳಿಯಲ್ಲಿ ಗಾಯ ಮಾಡ್ತೀವಿ. ನಿಮ್ಮ ಡಾಕ್ಟರಮ್ಮ ನಮ್ಮ ಹತ್ರ ಕಲಿತಿರ್ಬೇಕು."

ಗುಬ್ಬಿಯ ಅಮ್ಮ ದಿನವಿಡೀ ಹೊಲಿಗೆ ಕಾರ್ಖಾನೆಯಲ್ಲಿ ಕಾಲರು ಕೂರಿಸಿ ಬಂದವಳು. ಅವಳಿಗೆ ನಗು ಬರಲಿಲ್ಲ. "ಒಲೆ ಮುಂದೆ ನಿಲ್ಲಬಾರದಂತೆ, ಬೆವರಬಾರದಂತೆ, ಬಟ್ಟೆ ಒಗೆಯಬಾರದಂತೆ. ಸೂಜಿ ಇವಳಿಗೆ, ಶಿಕ್ಷೆ ನಮಗೆ," ಎಂದಳು.

ಅತ್ತೆ ಬೇಳೆಯ ಪಾತ್ರೆ ತಂದಿಟ್ಟು ಅಲ್ಲೇ ನಿಂತಿದ್ದಳು. ಅವಳ ಮುಖವನ್ನು ಚಿಕ್ಕಂದಿನಲ್ಲಿ ಸಿಡುಬು ತಿಂದುಹಾಕಿತ್ತು. ಹಣೆಯಿಂದ ಗದ್ದದವರೆಗೂ ಗುಳಿಗಳು. ಜರಡಿ ಎಂಬ ಹೆಸರಿಟ್ಟವನು ಇದೇ ಅಣ್ಣ. ಆಗ ಅವನಿಗೂ ಬುದ್ಧಿ ಬಲಿತಿರಲಿಲ್ಲ. ಬಲಿತ ಮೇಲೂ ಹೆಸರು ಉಳಿಯಿತು. ಹಾಲಿನವನೂ ಕೇರಿಯ ಮಕ್ಕಳೂ ಅದೇ ಹೆಸರು ಹಿಡಿದರು. ಕೂಗಿದಾಗ ಅವಳು ಓ ಎನ್ನುತ್ತಿದ್ದಳು. ಓಗೊಡುತ್ತಾ ಓಗೊಡುತ್ತಾ ಎಂಥ ಹೆಸರೂ ಮೈಗೆ ಅಂಟಿಕೊಂಡುಬಿಡುತ್ತದೆ.

"ಹಳೇ ಗುಳಿಗೂ ಬರುತ್ತಾ, ಹೊಸ ಚರ್ಮ?" ಎಂದು ಅವಳು ಕೇಳಿದಳು.

ಮೇಸ್ತ್ರಿ ತುತ್ತು ನುಂಗಿ ನಕ್ಕ. "ನಿನ್ನ ಮುಖಕ್ಕೆ ಸೂಜಿ ಎಲ್ಲಿ ಸಾಲುತ್ತೆ ಜರಡಿ? ಒಂದು ಚೀಲ ಸಿಮೆಂಟೇ ಬೇಕು."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಆ ನಗುವೂ ಅವಳ ಮನೆಗೆಲಸಗಳಲ್ಲಿ ಒಂದು. ನಕ್ಕು ಮುಗಿದ ಮೇಲೆ ಗುಬ್ಬಿ ಮಾತ್ರ, ಹೇಗಿದ್ದರೂ ಕೇಳಿದ್ದಾಳಲ್ಲ ಎಂಬಂತೆ, "ಬರುತ್ತೆ ಅತ್ತೆ. ಎಷ್ಟು ಹಳೇದಾದ್ರೂ ಅರ್ಧಕ್ಕರ್ಧ ತುಂಬ್ಕೊಳುತ್ತೆ ಅಂತಾರೆ ಡಾಕ್ಟರಮ್ಮ," ಎಂದಳು.

ಆ ಹುಡುಗಿ ಅದನ್ನು ಅಲ್ಲಿಗೇ ಮರೆತಳು. ಅತ್ತೆ ಮರೆಯಲಿಲ್ಲ.

ಆ ಮನೆಗೊಂದು ಕಟ್ಟಳೆ ಇತ್ತು. ಮೇಸ್ತ್ರಿಯ ಅಪ್ಪನ ಕಾಲದಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ತಟ್ಟೆ, ಬೇರೆ ಬೇರೆ ಬಾಚಣಿಗೆ ಮಾಡಿಕೊಂಡು, ಕೊನೆಗೆ ಮನೆಯ ನಡುವೆ ಗೋಡೆಯನ್ನೇ ಎಬ್ಬಿಸಿಕೊಂಡಿದ್ದರು. ಅದನ್ನು ಕಂಡು ನೊಂದ ಆತ, ಇನ್ನು ಈ ಮನೆಯಲ್ಲಿ ನನ್ನದು ನಿನ್ನದು ಎಂಬ ಮಾತೇ ಕೂಡದು ಎಂದು ಹೇಳಿ ಸತ್ತಿದ್ದ. ಹಾಗಾಗಿ ಬಚ್ಚಲಿನಲ್ಲಿ ಒಂದೇ ಸೋಪು, ಗೂಡಿನಲ್ಲಿ ಒಂದೇ ಬಾಚಣಿಗೆ, ಹಗ್ಗದ ಮೇಲೆ ಒಂದೇ ಟವೆಲು. ಮೇಸ್ತ್ರಿಗೆ ಇದು ದೊಡ್ಡ ಹೆಮ್ಮೆ. ಮನೆಗೆ ಬಂದವರಿಗೆಲ್ಲ, ನಮ್ಮದು ಒಂದೇ ಸೋಪಿನ ಮನೆ ಎಂದು ಹೇಳಿಕೊಳ್ಳುತ್ತಿದ್ದ.

ಮನೆಗಿದ್ದ ಕನ್ನಡಿಯೂ ಒಂದೇ. ಅದು ಅತ್ತೆಯದು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಗ, ಮುಖ ತೊಳೆದ ಮೇಲೆ ಒಂದು ಸಲ ನೋಡ್ಕೋ ಮಗಳೇ, ದೇವರು ಕೊಟ್ಟದ್ದಕ್ಕೆ ಯಾಕೆ ಹೆದರಬೇಕು ಎಂದು ಹೇಳಿ ಕೊಟ್ಟಿದ್ದ ಮರದ ಚೌಕಟ್ಟಿನ ಕನ್ನಡಿ. ಗುಬ್ಬಿ ದೊಡ್ಡ ಶಾಲೆಗೆ ಹೋಗತೊಡಗಿದ ವರ್ಷ ಅಣ್ಣ ಅದನ್ನು ತಂಗಿಯ ಕೋಣೆಯಿಂದ ಇಳಿಸಿ, ಬೆಳೆಯೋ ಹುಡುಗಿಗೆ ಬೇಕು, ಹೊಸದು ತರೋವರೆಗೆ ಅಲ್ಲಿರಲಿ ಎಂದು ಮಗಳ ಕೋಣೆಗೆ ಹಾಕಿದ. ಹೊಸದು ಬರಲಿಲ್ಲ. ಅಡುಗೆಮನೆಗೆ ಅಂಟಿಕೊಂಡಿದ್ದ ಅತ್ತೆಯ ಕೋಣೆಯಲ್ಲಿ ಮೊಳೆ ಮಾತ್ರ ಉಳಿಯಿತು. ಅದಕ್ಕವಳು ತರಕಾರಿ ಚೀಲ ನೇತುಹಾಕಿ, ಕೈಯಲ್ಲೇ ತಡವಿಕೊಂಡು ಬೈತಲೆ ತೆಗೆಯುವುದನ್ನು ರೂಢಿ ಮಾಡಿಕೊಂಡಳು.

ವಾರ ಕಳೆಯುವಷ್ಟರಲ್ಲಿ ಗುಬ್ಬಿಯ ಮುಖದ ಕೆಂಪು ಇಳಿದು ಚರ್ಮ ನಯವಾಯಿತು. ಮಾಲೀಕರು ಗದ್ದ ಹಿಡಿದು ಎತ್ತಿ ನೋಡಿ, ಇನ್ನೊಂದು ಸ್ವಲ್ಪ ಎಂದರು. ಡಾಕ್ಟರಮ್ಮ ಮಾತ್ರ, ಮುಂದಿನ ತಿಂಗಳವರೆಗೆ ಮುಖ ಮುಟ್ಟಬೇಡ, ಮನೇಲಂತೂ ಏನೂ ಮಾಡ್ಕೋಬೇಡ ಎಂದು ಎಚ್ಚರಿಸಿದ್ದರು. ಹುಡುಗಿಗೆ ತಾಳ್ಮೆಯಿರಲಿಲ್ಲ. ಯಾರದೋ ಮಾತು ಕೇಳಿ ಅಂಗಡಿಯಿಂದ ಒಂದು ಸೂಜಿ ರೋಲರ್ ತಂದಳು: ಕೈಹಿಡಿಯ ತುದಿಯಲ್ಲಿ ಉರುಳುವ ಚಿಕ್ಕ ಚಕ್ರ, ಚಕ್ರದ ಮೈತುಂಬ ಮುಳ್ಳು. ಅದನ್ನು ತನ್ನ ಕೈಚೀಲದೊಳಗೆ ಬಚ್ಚಿಡುತ್ತಿರುವಾಗ ಅಪ್ಪನ ಕಣ್ಣಿಗೆ ಬಿತ್ತು.

"ಕದ್ದ ಮಾಲಿನ ಹಾಗೆ ಯಾಕೆ ಮುಚ್ಚಿಡ್ತೀಯ? ಬಚ್ಚಲ ಗೂಡಿನಲ್ಲಿಡು."

"ಅಪ್ಪಾ, ಇದು ಸೂಜಿ. ಬಾಚಣಿಗೆ ಅಲ್ಲ."

"ಬಾಚಣಿಗೆಯಿಂದಲೇ ಕಣೇ ನಮ್ಮ ದೊಡ್ಡಪ್ಪಂದಿರ ಮನೆ ಒಡೆದದ್ದು. ನಿನ್ನ ಮುಳ್ಳುಚಕ್ರ ಯಾರು ತಿಂದುಬಿಡ್ತಾರೆ ಇಲ್ಲಿ? ಇಡು."

ಗುಬ್ಬಿ ಅಮ್ಮನ ಕಡೆ ನೋಡಿದಳು. ಅಮ್ಮ ಅನ್ನ ಬಸಿಯುತ್ತಾ, ಅವರ ಹತ್ರ ವಾದಿಸಿ ನನ್ನ ತಲೆ ತಿನ್ನಬೇಡ ಎಂದಳು. ರೋಲರ್ ಗೂಡು ಸೇರಿತು. ಸೋಪು, ಬಾಚಣಿಗೆ, ಮೇಸ್ತ್ರಿಯ ರೇಜರುಗಳ ಪಕ್ಕದಲ್ಲಿ ಅದೂ ಮನೆಯದಾಯಿತು.

ಮಧ್ಯಾಹ್ನಗಳಲ್ಲಿ ಆ ಮನೆ ಅತ್ತೆಯೊಬ್ಬಳದೇ. ಪಾತ್ರೆ ತೊಳೆದು, ನೆಲ ಒರೆಸಿ, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಅವಳ ಅಭ್ಯಾಸ. ಏನನ್ನೂ ಕೇಳುತ್ತಿರಲಿಲ್ಲ, ಕೇಳುವ ವಯಸ್ಸಿನಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಆ ದಿನ ಮಾತ್ರ ಬಚ್ಚಲಿಗೆ ಹೋದವಳು ಗೂಡಿನ ಮುಂದೆ ನಿಂತು ಬಹಳ ಕಾಲದ ಮೇಲೆ ಒಂದು ಬೇಡಿಕೆ ಇಟ್ಟಳು. ಅರ್ಧಕ್ಕರ್ಧ ಬೇಡ ತಂದೆ, ಕಾಲು ಭಾಗ ಸಾಕು.

ಗುಬ್ಬಿಯ ಕೋಣೆಗೆ ಹೋಗಿ ಕನ್ನಡಿ ನೋಡಿಕೊಳ್ಳಬಹುದಿತ್ತು. ಹೋಗಲಿಲ್ಲ. ಬೆರಳಿಗೆ ಒಂದೊಂದು ಗುಳಿಯೂ ಗೊತ್ತಿತ್ತು. ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಚಕ್ರ ಉರುಳಿಸಿದಳು. ಇರುವೆ ಸಾಲು ಕಚ್ಚಿದ ಹಾಗೆ ಚುರುಚುರು ಎಂದಿತು. ನೋವಾದಷ್ಟೂ ಒಳಗೆ ಏನೋ ಕಟ್ಟುತ್ತಿದೆ ಎನ್ನಿಸಿತು. ಧೂಳುಗಾಳಿಯ ದಿನಗಳಲ್ಲಿ ಬಂದ ಜ್ವರದಿಂದ ಅವಳ ತುಟಿಯಂಚಿನಲ್ಲಿ ನೀರುಗುಳ್ಳೆಗಳೆದ್ದಿದ್ದವು. ಅವುಗಳ ಮೇಲೂ ಚಕ್ರ ಹಾಯಿತು. ಆಮೇಲೆ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ಕೊಡವಿ, ಇದ್ದ ಜಾಗದಲ್ಲೇ ಇಟ್ಟಳು. ಕದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಆ ಮನೆಯಲ್ಲಿ ಗೂಡಿನಲ್ಲಿದ್ದದ್ದನ್ನು ತೆಗೆದುಕೊಳ್ಳುವುದಕ್ಕೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲವಲ್ಲ.

ಸಂಜೆ ಮುಖ ಉರಿಯುತ್ತಿತ್ತು. ಯಾರಾದರೂ ಕೇಳಿದರೆ ಒಲೆಯ ಝಳ ಎನ್ನಬೇಕೆಂದುಕೊಂಡಿದ್ದಳು. ಯಾರೂ ಕೇಳಲಿಲ್ಲ. ಅವಳ ಮುಖವನ್ನು ನಿಟ್ಟಿಸಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಗಾಗಿ ಮರುದಿನವೂ ಮಾಡಿಕೊಂಡಳು.

ರಜೆಯ ದಿನ ಗುಬ್ಬಿ ಬಚ್ಚಲಿನ ಬಾಗಿಲು ಹಾಕಿಕೊಂಡು ತಾನೂ ರೋಲರ್ ಉರುಳಿಸಿಕೊಂಡಳು. ವಾರದ ನಡುವಿನಲ್ಲಿ ಅವಳ ಬಲಗೆನ್ನೆಯ ಮೇಲೆ ನೀರುಗುಳ್ಳೆಗಳೆದ್ದವು. ಸಾಸಿವೆ ಚೆಲ್ಲಿದ ಹಾಗಿದ್ದದ್ದು ಒಂದಕ್ಕೊಂದು ಕೂಡಿ ಕೆನ್ನೆಯನ್ನೆಲ್ಲ ಆವರಿಸಿತು. ಜ್ವರ ಏರಿ, ಕಣ್ಣಿನ ರೆಪ್ಪೆ ಊದಿಕೊಂಡು, ಹುಡುಗಿ ದಿಂಬಿಗೆ ಮುಖ ತಾಗಿಸಲಾರದೆ ಕೂತೇ ನಿದ್ದೆ ಮಾಡಿದಳು. ಅಮ್ಮ ಕಾರ್ಖಾನೆಗೆ ರಜೆ ಹಾಕಿ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಮನೆಯಲ್ಲಿ ಒಬ್ಬಳೇ ಉಳಿದ ಅತ್ತೆ ಮಾಡಿದ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು.

ರಾತ್ರಿ ಊಟಕ್ಕೆ ಕೂತಾಗ ಗುಬ್ಬಿಯ ಅಮ್ಮ ಸುದ್ದಿ ಹೇಳಿದಳು. ಇದು ತುಟಿಗೆ ಬರುವ ಗುಳ್ಳೆಯ ಸೋಂಕಂತೆ. ಮುಳ್ಳು ಮಾಡಿದ ತೂತುಗಳಿಂದ ಕೆನ್ನೆಯೊಳಕ್ಕೆ ಇಳಿದಿದೆಯಂತೆ. ಕಣ್ಣಿಗೆ ಹೋಗದೆ ಉಳಿದದ್ದೇ ಪುಣ್ಯವಂತೆ. ರೋಲರ್ ಬೇರೆ ಯಾರು ಬಳಸಿದರು ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಗುಬ್ಬಿ, ಯಾರೂ ಇಲ್ಲ, ನಮ್ಮ ಮನೇಲಿ ಯಾರಿಗೆ ಬೇಕು ಅದು ಎಂದಳಂತೆ.

ಅಷ್ಟು ಹೇಳಿ ಅವಳು ತಲೆಯೆತ್ತಿದಳು. ಎಷ್ಟೋ ವರ್ಷಗಳ ಮೇಲೆ ನಾದಿನಿಯ ಮುಖವನ್ನು ನೇರವಾಗಿ ನೋಡಿದಳು. ತುಟಿಯಂಚಿನಲ್ಲಿ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿತ್ತು. ಕೆನ್ನೆಯ ಮೇಲೂ ಅಲ್ಲಲ್ಲಿ ಅದೇ ಹಕ್ಕಳೆ.

"ನೀನಾ?"

ಅತ್ತೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಳಿಸಿದಳು. "ಹೌದು ಅತ್ತಿಗೆ. ತೊಳೆದೇ ಇಟ್ಟಿದ್ದೆ."

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನಿಗೆ ನಗು ಬಂತು. ಕೆಟ್ಟ ಮನಸ್ಸಿನ ನಗುವಲ್ಲ ಅದು, ನಂಬಲಾರದವನ ನಗು.

"ನೀನು? ಈ ವಯಸ್ಸಲ್ಲಿ? ನಿನಗ್ಯಾಕೆ ಬೇಕಿತ್ತು ಇದು, ಯಾರು ನೋಡ್ಬೇಕಿತ್ತು ನಿನ್ನನ್ನ?"

ಆ ಪ್ರಶ್ನೆಗೆ ಉತ್ತರವಿದೆ ಎಂದು ಅತ್ತೆಗೂ ತಿಳಿದಿರಲಿಲ್ಲ. ಒಳಗಿನಿಂದ ಗುಬ್ಬಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಮುಖದ ಅರ್ಧ ಭಾಗ ಮುಲಾಮಿನಿಂದ ಬೆಳ್ಳಗಿತ್ತು.

"ನಿನ್ನ ಹಾಗೆ ನಾನೂ ಆಗ್ಲಿ ಅಂತ ಮಾಡಿದ್ಯಾ ಅತ್ತೆ?"

"ಅಲ್ಲ ಮಗಾ," ಎಂದಳು ಅತ್ತೆ. "ನಿನ್ನ ಹಾಗೆ ನಾನೂ ಆಗ್ಲಿ ಅಂತ."

ಗುಬ್ಬಿ ತಿರುಗಿ ಒಳಗೆ ಹೋದಳು. ತಟ್ಟೆಗಳಲ್ಲಿ ಉಪ್ಪಿಲ್ಲದ ಬೇಳೆ ಆರಿ ತಣ್ಣಗಾಯಿತು.

ಮರುದಿನ ಮೇಸ್ತ್ರಿ ಕೆಲಸದಿಂದ ಬರುವಾಗ ಒಂದು ಹೊಸ ಸೋಪು, ಒಂದು ಹೊಸ ಟವೆಲು ತಂದ. ಅಂಗಳದಲ್ಲಿ ಕೂತು, ಒಂದು ತಟ್ಟೆ ಒಂದು ಲೋಟ ತೆಗೆದುಕೊಂಡು, ಅಂಚಿನ ಮೇಲೆ ಮೊಳೆಯಿಂದ ಗೀರಿ ಗುರುತು ಮಾಡಿದ. ಅಪ್ಪನ ಕಟ್ಟಳೆಯ ವಿಷಯ ಅವನೂ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ. ಅವನ್ನೆಲ್ಲ ತಂಗಿಯ ಕೋಣೆಯ ಕಿಟಕಿಯಲ್ಲಿ ಇಟ್ಟು, "ಡಾಕ್ಟರಮ್ಮ ಹೇಳಿದ್ದಾರೆ, ಅದಕ್ಕೇ," ಎಂದ. ಡಾಕ್ಟರಮ್ಮ ಹೇಳಿದ್ದು ಎಲ್ಲರದೂ ಬೇರೆಬೇರೆ ಇರಲಿ ಎಂದು. ಬೇರೆಯಾದದ್ದು ಒಬ್ಬಳದು ಮಾತ್ರ. ಅತ್ತೆ ಆ ಸೋಪಿನ ಕಾಗದವನ್ನು ಬಿಚ್ಚದೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಕನ್ನಡಿ ಹೋದ ಇಷ್ಟು ವರ್ಷಗಳ ಮೇಲೆ ತನ್ನದು ಎಂದು ಕೈಗೆ ಬಂದದ್ದು ಅದು.

ಆಮೇಲಿನ ವಾರಗಳಲ್ಲಿ ಗುಬ್ಬಿ ಅತ್ತೆಯ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಅಮ್ಮ ಬೆಳಗಾಗುವ ಮೊದಲೇ ಎದ್ದು ಮಗಳಿಗಷ್ಟೇ ಬೇರೆ ಅಡುಗೆ ಮಾಡಿಟ್ಟು ಕಾರ್ಖಾನೆಗೆ ಹೋಗುತ್ತಿದ್ದಳು. ಆಯಾಸವೆಲ್ಲ ಮಾತಾಗಿ ಹೊರಬರುತ್ತಿತ್ತು. ಗೂಡಿನಲ್ಲಿ ಇಡಿಸಿದ್ದು ನೀವೇ ಎಂದು ಅವಳು, ಡಾಕ್ಟರು ಬೇಡ ಅಂದದ್ದನ್ನ ತಂದವಳು ನಿನ್ನ ಮಗಳೇ ಎಂದು ಅವನು. ಇಬ್ಬರ ಮಾತೂ ಸತ್ಯವಾಗಿದ್ದರಿಂದ ಜಗಳ ಮುಗಿಯುತ್ತಿರಲಿಲ್ಲ. ಇಬ್ಬರೂ ದಣಿದಾಗ ಅತ್ತೆ ಎದ್ದು, ಗೀರು ಗುರುತಿನ ತಟ್ಟೆಯನ್ನು ಕೊನೆಯಲ್ಲಿ ತೊಳೆದುಕೊಂಡು ಮಲಗುತ್ತಿದ್ದಳು.

ಗುಳ್ಳೆಗಳು ಒಣಗಿದವು. ಹೊಸ ಚರ್ಮವೂ ಬಂತು. ಬಂದಾಗ ಬಲಗೆನ್ನೆಯ ಮೇಲೆ ಕೆಲವು ಚಿಕ್ಕ ಗುಳಿಗಳನ್ನು ಬಿಟ್ಟುಕೊಂಡು ಬಂತು. ಗುಬ್ಬಿ ಕ್ಲಿನಿಕ್ಕಿಗೆ ಹೋದ ದಿನ ಮುಂದಿನ ಮೇಜಿನಲ್ಲಿ ಹೊಸ ಹುಡುಗಿಯೊಬ್ಬಳು ಕೂತು ಅವಳ ಹೆಸರು ಕೇಳಿದಳಂತೆ, ಚಿಕಿತ್ಸೆಗೆ ಬಂದವಳೆಂದುಕೊಂಡು. ಮಾಲೀಕರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ಹಿಂದಿನ ಕೋಣೆಯಲ್ಲಿ ಟವೆಲು ಒಗೆದು ಮಡಿಸುವ ಕೆಲಸಕ್ಕೆ ಹಾಕಿದರು. ಬರುವಾಗ ಹೋಗುವಾಗ ಹಿಂಬಾಗಿಲು ಬಳಸು ಎಂದರು. ಅದನ್ನೂ ನಗುನಗುತ್ತಲೇ ಹೇಳಿದರು.

ಒಂದು ಸಂಜೆ ಗುಬ್ಬಿ ಆ ಕೆಲಸದಿಂದ ಬಂದು ಮಾತಿಲ್ಲದೆ ಊಟ ಮಾಡುತ್ತಿದ್ದಳು. ಒಗೆಯುವ ಪುಡಿಗೆ ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಮಗಳ ಮೌನ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಅವನಿಗೆ ಗೊತ್ತಿದ್ದ ಸಮಾಧಾನ ಒಂದೇ, ತಮಾಷೆ. ಅವಳ ತಲೆ ನೇವರಿಸಿ, "ಹೋಗ್ಲಿ ಬಿಡೇ, ನಾಲ್ಕು ತೂತಿಗೆ ಇಷ್ಟು ಚಿಂತೆಯಾ? ದೊಡ್ಡ ಜರಡಿ ಹೇಗೂ ಇದ್ಲು, ಈಗೊಂದು ಮರಿ ಜರಡಿ ಬಂತು," ಎಂದ.

ಪ್ರೀತಿಯಿಂದಲೇ ಅಂದ. ಮೊದಲನೆಯ ಸಲ ತಂಗಿಗೆ ಅಂದಾಗಲೂ ಪ್ರೀತಿಯಿಂದಲೇ ಅಂದಿದ್ದನೋ ಏನೋ.

ಗುಬ್ಬಿಯ ಅಮ್ಮ ನಗಲಿಲ್ಲ. ನೀರು ತಂದಿದ್ದ ಅತ್ತೆ ಚೊಂಬು ಹಿಡಿದು ನಿಂತಲ್ಲೇ ನಿಂತಳು. ಗುಬ್ಬಿ ಮಾತ್ರ ನಕ್ಕಳು. ಹುಡುಗಿ ಎಂದೂ ಹಾಗೆ ನಕ್ಕದ್ದನ್ನು ಅತ್ತೆ ಕಂಡಿರಲಿಲ್ಲ: ತುಟಿ ಮಾತ್ರ ಅಗಲವಾಗಿ, ಕಣ್ಣು ತಟ್ಟೆಯಲ್ಲೇ ಇತ್ತು. ಆದರೆ ಆ ನಗು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಅದು ತನ್ನದೇ ನಗು. ಎಷ್ಟು ಬೇಗ ಕಲಿತುಬಿಟ್ಟಳು ಹುಡುಗಿ ಎಂದುಕೊಂಡಳು.

"ಅಣ್ಣಾ," ಎಂದಳು. "ಅವಳನ್ನ ಹಾಗೆ ಕರೀಬೇಡ."

"ತಮಾಷೆ ಕಣೇ."

"ಗೊತ್ತು. ಕರೀಬೇಡ."

ಆ ಮನೆಯಲ್ಲಿ ಅವಳು ಅಣ್ಣನಿಗೆ ಬೇಡ ಎಂದದ್ದು ಅದೇ ಮೊದಲು. ಮೇಸ್ತ್ರಿ ಹೆಂಡತಿಯ ಮುಖ ನೋಡಿ, ಕೈ ತೊಳೆಯಲು ಎದ್ದುಹೋದ. ಗುಬ್ಬಿ ತಟ್ಟೆಯಿಂದ ತಲೆಯೆತ್ತಿ ಅತ್ತೆಯ ಕಡೆ ನೋಡಿದಳು. ಆಮೇಲೆ ಖಾಲಿ ಲೋಟವನ್ನು ಅವಳತ್ತ ಸರಿಸಿದಳು. ಅತ್ತೆ ಅದಕ್ಕೆ ನೀರು ಬಗ್ಗಿಸಿದಳು.

ಬೆಳಿಗ್ಗೆ ಅತ್ತೆ ಹಾಸಿಗೆ ಸುತ್ತಿಡುತ್ತಿರುವಾಗ ಗುಬ್ಬಿ ಕೋಣೆಯ ಬಾಗಿಲಿಗೆ ಬಂದಳು. ಕೆಲಸಕ್ಕೆ ಹೊರಟ ಉಡುಪು, ಎದೆಗೆ ಅವಚಿಕೊಂಡ ಮರದ ಚೌಕಟ್ಟು. ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಮೂಲೆಯಲ್ಲಿ ಇನ್ನೂ ತೇವವಿತ್ತು.

"ಅಲ್ಲೇ ಇರ್ಲಿ ಮಗಾ. ನಿನಗೆ ಬೇಕಲ್ಲ."

"ನಿಂದು ಅಲ್ವಾ ಅತ್ತೆ," ಎಂದಳು ಗುಬ್ಬಿ. "ಅಪ್ಪ ಹೊಸದು ತರೋವರೆಗೆ ಅಂತ ತಗೊಂಡಿದ್ದು. ತರಲಿಲ್ಲ."

ಕೊಡುವ ಮನಸ್ಸಿನಿಂದ ತಂದಳೋ, ನೋಡಿಕೊಳ್ಳುವ ಮನಸ್ಸಿಲ್ಲದೆ ತಂದಳೋ, ಅತ್ತೆ ಕೇಳಲಿಲ್ಲ. ಮೊಳೆಯಲ್ಲಿದ್ದ ತರಕಾರಿ ಚೀಲವನ್ನು ತೆಗೆದು ನೆಲದ ಮೇಲಿಟ್ಟಳು. ಗುಬ್ಬಿ ತುದಿಗಾಲಿನ ಮೇಲೆ ನಿಂತು ಕನ್ನಡಿಯನ್ನು ತೂಗುಹಾಕಿ, ಗಾಜಿನ ಕಡೆ ನೋಡದೆ ಪಕ್ಕಕ್ಕೆ ಸರಿದು ನಿಂತಳು.

"ನೆಟ್ಟಗಿದೆಯಾ?"

ಅತ್ತೆ ನೋಡಿದಳು. ಬಹಳ ವರ್ಷಗಳ ಮೇಲೆ, ನಿಧಾನವಾಗಿ, ಹಣೆಯಿಂದ ಗದ್ದದವರೆಗೆ ನೋಡಿದಳು.

"ಸ್ವಲ್ಪ ಎಡಕ್ಕೆ," ಎಂದಳು.